ಬದುವಿನ ಮೇಲೆ ಕೂತು ಆಡುತ್ತಿದ್ದ ಜಗಳ

ನಮ್ಮಮ್ಮ ಆಲೂಗಡ್ಡೆ ಕೀಳಲು ಹೋಗುತ್ತಿದ್ದ ಕಾಲದಲ್ಲಿ ಕೂಲಿ ಕಡಿಮೆ ಅನಿಸಿದರೆ ಹೆಂಗಸರೆಲ್ಲ ಕೆಲಸ ಬಿಟ್ಟು ಬದುವಿನ ಮೇಲೆ ಕೂತುಬಿಡುತ್ತಿದ್ದರಂತೆ. ಹೊಲದ ಯಜಮಾನರು ಎದುರಿಗೇ ಇರುತ್ತಿದ್ದರು. ಮಳೆ ಬಂದರೆ ಗಡ್ಡೆ ಕೊಳೆಯುತ್ತದೆ ಅನ್ನೋ ಭಯ ಅವರಿಗೆ. ಮಧ್ಯಾಹ್ನದೊಳಗೆ ಏನೋ ಒಂದು ತೀರ್ಮಾನ ಆಗುತ್ತಿತ್ತು.

ಈಗ ನಮ್ಮ ಅತ್ತಿಗೆ ಹಾಸನದ ಒಂದು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ತಿಂಗಳ ಸಂಬಳ, ಪಿಎಫ್, ಸ್ವಂತ ಬ್ಯಾಂಕ್ ಖಾತೆ ಎಲ್ಲ ಬಂದಿದ್ದು ಈ ಕೆಲಸದಿಂದಲೇ, ಅದು ಸಣ್ಣ ವಿಷಯ ಅಲ್ಲ. ಆದರೆ ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಏರಿಸಿದಾಗ, ಬಾತ್‌ರೂಮಿಗೆ ಎದ್ದು ಹೋದರೂ ಬೈದಾಗ, ಕೇಳೋದು ಯಾರನ್ನ? ಸೂಪರ್‌ವೈಸರ್ ಮ್ಯಾನೇಜರ್ ಕಡೆ ಕೈ ತೋರಿಸುತ್ತಾರೆ, ಮ್ಯಾನೇಜರ್ "ಬಯರ್ ಕೊಡೋ ರೇಟೇ ಇಷ್ಟು" ಅನ್ನುತ್ತಾರೆ, ಆ ಬಯರ್, ಅಂದರೆ ಬಟ್ಟೆ ಕೊಳ್ಳುವ ಬ್ರ್ಯಾಂಡ್, ಇರೋದು ಯುರೋಪಿನಲ್ಲೋ ಅಮೆರಿಕದಲ್ಲೋ. ಜಾಸ್ತಿ ಕೇಳಿದರೆ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತೆ ಅನ್ನೋ ಹೆದರಿಕೆ ಬೇರೆ. ಜಗಳ ಆಡೋಕೆ ಯಜಮಾನನೇ ಎದುರಿಗಿಲ್ಲ, ಅಲ್ವಾ?

ಸರ್ಕಾರವಾದರೆ ಕೈಗೆ ಸಿಗುತ್ತದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋಕೆ ಕೇಂದ್ರ ಹೊಸ ನಿರ್ಬಂಧ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗಿಳಿದರು, ನಿಯಮ ವಾಪಸ್ ಆಯಿತು. ಬ್ರ್ಯಾಂಡನ್ನು ಹಿಡಿಯಬೇಕಾದರೆ ಜಗಳವೂ ಅಷ್ಟು ದೂರ ಹೋಗಬೇಕು.

ತಮಿಳುನಾಡಿನ ದಿಂಡಿಗಲ್‌ನಲ್ಲಿ ಆಗಿದ್ದು ಅದೇ. 2021ರ ಜನವರಿಯಲ್ಲಿ ಅಲ್ಲಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ದಲಿತ ಹುಡುಗಿಯ ಕೊಲೆಯಾಯಿತು. ಹೆಂಗಸರೇ ಮುಂದೆ ನಿಂತ ಟಿಟಿಸಿಯು ಅನ್ನೋ ಅಲ್ಲಿನ ಜವಳಿ ಕಾರ್ಮಿಕರ ಯೂನಿಯನ್ ಸುಮ್ನೆ ಕೂರಲಿಲ್ಲ. ಏಷ್ಯಾದ ಗಾರ್ಮೆಂಟ್ಸ್ ಕಾರ್ಮಿಕ ಸಂಘಟನೆಗಳ ಒಕ್ಕೂಟವಾದ ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮತ್ತು ಅಮೆರಿಕದ ಕಾರ್ಮಿಕ ಹಕ್ಕುಗಳ ಸಂಘಟನೆಯೊಂದು ಜೊತೆಗೂಡಿದವು. 2022ರಲ್ಲಿ ಹೆಂಗಸರಿಗೆ ಕೆಲಸದ ಜಾಗದಲ್ಲಿ ಆಗೋ ಕಿರುಕುಳ ತಡೆಯೋಕೆ ಕಂಪನಿಯ ಜೊತೆ ಒಪ್ಪಂದ ಆಯಿತು, ಬಟ್ಟೆ ಕೊಳ್ಳುವ ಬ್ರ್ಯಾಂಡ್ ಎಚ್ ಅಂಡ್ ಎಂ ಕೂಡ ಸಹಿ ಹಾಕಿತು. ಲೈನಿನಲ್ಲಿ ಕೂರುವ ಹೆಂಗಸರಿಗೇ ಕಿರುಕುಳ ಗುರುತಿಸಿ ದೂರು ಮುಟ್ಟಿಸುವ ತರಬೇತಿ ಕೊಟ್ಟರು. ಕಂಪನಿ ಮಾತು ತಪ್ಪಿದರೆ ಆರ್ಡರ್‌ಗೇ ಪೆಟ್ಟು. ಇಷ್ಟು ದಿನ ಹೆಂಗಸರನ್ನ ಹೆದರಿಸುತ್ತಿದ್ದುದು ಆರ್ಡರ್ ಹೋಗುತ್ತೆ ಅನ್ನೋ ಇದೇ ಮಾತಿನಿಂದ!

ಇದನ್ನೆಲ್ಲ ಅತ್ತಿಗೆಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. ಸಂಜೆ ವ್ಯಾನಿನಲ್ಲಿ ಸ್ಪೀಕರ್ ಹಾಕಿ ಕೇಳಿದರಂತೆ, ಡ್ರೈವರ್ ಹಾಡು ನಿಲ್ಲಿಸಿದನಂತೆ. ರಾತ್ರಿ ಫೋನ್ ಮಾಡಿದರು. "ನಮ್ಮ ಲೈನಿನವರು ಇನ್ನೊಂದ್ಸಲ ಕೇಳ್ಬೇಕಂತೆ, ಆ ಯೂನಿಯನ್ ಹೆಸರು ಸ್ವಲ್ಪ ನಿಧಾನಕ್ಕೆ ಹೇಳಿ ಕಳ್ಸು."