ವೆಸ್ಟ್‌ಮಿನ್ಸ್ಟರಿನಲ್ಲಿ ಒಂದು ಸೋಮವಾರ

ಲಂಡನ್ನಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೂ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುತ್ತಾಳೆ ಎಂಬುದು ಅವಳ ಮನೆಗೆ ಹೋಗುವವರೆಗೆ ನನಗೆ ತಿಳಿದಿರಲಿಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದರೆ ಅವರಿಗೆ ಆ ಹಕ್ಕುಂಟು. "ದೊಡ್ಡಮ್ಮ, ನಮ್ಮ ಕ್ಷೇತ್ರದ ಸದಸ್ಯರು ಕೂರುವ ಜಾಗವನ್ನು ನೀವೂ ನೋಡಬೇಕು" ಎಂದು ಅವಳು ಅಕ್ಟೋಬರ್ ತಿಂಗಳ ಒಂದು ಸೋಮವಾರ ಸಂಜೆ ನನ್ನನ್ನು ವೆಸ್ಟ್‌ಮಿನ್ಸ್ಟರಿನ ಸಂಸತ್ ಭವನಕ್ಕೆ ಕರೆದೊಯ್ದಳು.

ತಪಾಸಣೆ ಮುಗಿಸಿ, 1097ರಲ್ಲಿ ಕಟ್ಟಿದ ವೆಸ್ಟ್‌ಮಿನ್ಸ್ಟರ್ ಹಾಲನ್ನು ದಾಟಿ, ಎಂಟು ಮೂಲೆಗಳ ಸೆಂಟ್ರಲ್ ಲಾಬಿಗೆ ಬಂದೆವು. ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಈ ಲಾಬಿಯೇ. ಯಾವ ಮತದಾರನಾದರೂ ಇಲ್ಲಿಗೆ ಬಂದು, ಹಸಿರು ಚೀಟಿಯೊಂದನ್ನು ತುಂಬಿ, ತನ್ನ ಸದಸ್ಯರನ್ನು ಕಾಣಬೇಕೆಂದು ಕೇಳಬಹುದು. ಅವರು ಸಿಕ್ಕರೆ ಅಲ್ಲಿಯೇ ಬಂದು ಮಾತನಾಡಿಸುತ್ತಾರೆ. ಸದಸ್ಯರು ಕ್ಷೇತ್ರದಲ್ಲಿ ಜನರ ಅಹವಾಲು ಕೇಳಲು ಕೂರುವುದನ್ನು ಅಲ್ಲಿನವರು 'ಸರ್ಜರಿ' ಎನ್ನುತ್ತಾರೆ. ಬಾಡಿಗೆ ಮನೆಯ ಗೋಡೆಗೆ ಹಿಡಿದ ತೇವದ ದೂರು ಹೊತ್ತು ನನ್ನ ತಂಗಿಯ ಮಗಳೂ ಒಮ್ಮೆ ಅಂಥ ಸರ್ಜರಿಯ ಸರದಿಯಲ್ಲಿ ಕುಳಿತಿದ್ದಳಂತೆ.

ಗಾಜಿನ ತಡೆಯ ಹಿಂದಿನ ಗ್ಯಾಲರಿಯಿಂದ ಕಂಡ, ಕೆಳಮನೆಯಾದ ಕಾಮನ್ಸ್‌ನ ಸಭಾಂಗಣ ನಾನು ಎಣಿಸಿದ್ದಕ್ಕಿಂತ ಬಹಳ ಚಿಕ್ಕದು. ಸದಸ್ಯರು 650 ಮಂದಿ. ಆದರೆ ಆಸನಗಳಿರುವುದು ಸುಮಾರು 430 ಜನರಿಗೆ. 1941ರ ಬಾಂಬ್ ದಾಳಿಯಲ್ಲಿ ನೆಲಸಮವಾದ ಸಭಾಂಗಣವನ್ನು ಹಿಗ್ಗಿಸದೆ, ಎರಡು ಪಕ್ಷಗಳು ಎದುರುಬದುರಾಗಿ ಕೂರುವ ಹಳೆಯ ಆಕಾರದಲ್ಲೇ ಕಟ್ಟಬೇಕೆಂದು ಚರ್ಚಿಲ್ ಪಟ್ಟು ಹಿಡಿದಿದ್ದರು. ಆಗ ಕಾಮನ್‌ವೆಲ್ತ್ ದೇಶಗಳು ಕೊಟ್ಟ ಉಡುಗೊರೆಗಳಲ್ಲಿ ಸಭಾಂಗಣದ ಬಾಗಿಲುಗಳು ಭಾರತ ಮತ್ತು ಪಾಕಿಸ್ತಾನಗಳದು.

ಅಂದು ಮಸೂದೆಯೊಂದರ ಎರಡನೆಯ ವಾಚನ ನಡೆದಿತ್ತು. ಮೊದಲ ವಾಚನದಲ್ಲಿ ಶೀರ್ಷಿಕೆಯನ್ನಷ್ಟೇ ಓದುತ್ತಾರೆ. ಮಸೂದೆಯ ತತ್ತ್ವದ ಚರ್ಚೆ ಎರಡನೆಯದರಲ್ಲಿ. ಒಪ್ಪಿಗೆ ಸಿಕ್ಕರೆ ಅದು ಸಮಿತಿಗೆ ಹೋಗಿ, ಅಲ್ಲಿ ಕಲಮು ಕಲಮಾಗಿ ಪರಿಶೀಲನೆಗೊಂಡು, ತಿದ್ದುಪಡಿಗಳೊಂದಿಗೆ ಸದನಕ್ಕೆ ಮರಳಿ, ಮೂರನೆಯ ವಾಚನ ಮುಗಿಸಿ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಸಾಗುತ್ತದೆ. 1911 ಮತ್ತು 1949ರ ಕಾಯ್ದೆಗಳ ನಂತರ ಲಾರ್ಡ್ಸ್ ಸಭೆ ಬಹುತೇಕ ಮಸೂದೆಗಳನ್ನು ಸುಮಾರು ಒಂದು ವರ್ಷ ತಡೆಯಬಲ್ಲುದೇ ಹೊರತು ಕೊಲ್ಲಲಾರದು. ರಾಜನ ಅಂಕಿತವಂತೂ 1708ರ ನಂತರ ಒಮ್ಮೆಯೂ ನಿರಾಕರಣೆಯಾಗಿಲ್ಲ.

ರಾತ್ರಿ ಹತ್ತಕ್ಕೆ ಮತದಾನದ ಗಂಟೆ ಮೊಳಗಿತು. ಅಷ್ಟು ಹೊತ್ತು ಅರೆಬರೆ ಖಾಲಿಯಿದ್ದ ಸಭಾಂಗಣಕ್ಕೆ ಎಲ್ಲೆಡೆಯಿಂದ ಸದಸ್ಯರು ಧಾವಿಸಿದರು; ಎಂಟು ನಿಮಿಷ ಕಳೆದರೆ ಮತ ಹಾಕಲು ಹಾದುಹೋಗುವ ಲಾಬಿಗಳ ಬಾಗಿಲು ಮುಚ್ಚಿಬಿಡುತ್ತದೆ. ನಮ್ಮ ಲೋಕಸಭೆಯಲ್ಲಿ ಕೂತಲ್ಲೇ ಗುಂಡಿ ಒತ್ತುವಂತೆ ಇಲ್ಲಿಲ್ಲ. ಪರ ಇರುವವರು ಒಂದು ಲಾಬಿಯ ಮೂಲಕ, ವಿರೋಧಿಸುವವರು ಇನ್ನೊಂದರ ಮೂಲಕ ನಡೆದು ಹೋಗಬೇಕು, ಪ್ರಧಾನಿಯೂ ಸಹ. ಹೀಗೆ ಕಾಲುನಡಿಗೆಯಲ್ಲಿ ಮತ ಹಾಕುವುದು ಸಮಯ ಹಾಳು ಎನ್ನುವವರು ಅಲ್ಲಿಯೂ ಇದ್ದಾರೆ. ನನಗೆ ಹಾಗನ್ನಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುವ ಸಾಮಾನ್ಯ ಸದಸ್ಯನೊಬ್ಬ ತನ್ನ ಊರಿನ ಸಂಗತಿಯನ್ನು ಮಂತ್ರಿಯ ಕಿವಿಗೆ ಹಾಕಲು ಆ ಕೆಲವು ನಿಮಿಷಗಳ ಜೊತೆ ನಡಿಗೆಯಲ್ಲಿ ಅವಕಾಶ ಸಿಗುತ್ತದೆ. ಪಕ್ಷದ ವಿಪ್ ಮೀರಿ ಎದುರು ಲಾಬಿಗೆ ನಡೆದವರನ್ನು ಪಕ್ಷ ಹೊರಹಾಕಬಹುದು, ಆದರೆ ಅವರ ಸದಸ್ಯತ್ವ ಹೋಗುವುದಿಲ್ಲ. 1985ರಿಂದ ಪಕ್ಷಾಂತರ ನಿಷೇಧ ಕಾನೂನಿನಡಿ ಬದುಕುತ್ತಿರುವ ನಮಗೆ ಇದು ಕೂತು ಯೋಚಿಸಬೇಕಾದ ವ್ಯತ್ಯಾಸ.

ಫಲಿತಾಂಶ ಓದಿದ ಕೂಡಲೇ ಬೆಂಚುಗಳು ಬರಿದಾದವು. ಉಳಿದದ್ದು ಅರ್ಧ ಗಂಟೆಯ ಮುಂದೂಡಿಕೆ ಚರ್ಚೆ. ಅದರಲ್ಲಿ ಒಬ್ಬ ಸದಸ್ಯರು ವಿಷಯವೊಂದನ್ನು, ಹಲವು ಬಾರಿ ತಮ್ಮ ಕ್ಷೇತ್ರದ್ದನ್ನೇ, ಎತ್ತುತ್ತಾರೆ, ಮಂತ್ರಿಯೊಬ್ಬರು ಉತ್ತರ ಕೊಡಲೇಬೇಕು. ಸದಸ್ಯರು ಎದ್ದು ನಿಂತು ಮಾತು ಆರಂಭಿಸಿದ ಹೊತ್ತಿಗೆ, ಮಗಳಿಗೆ ಬೆಳಗ್ಗೆ ಬೇಗ ಕೆಲಸವಿದ್ದುದರಿಂದ, ನಾವು ಎದ್ದೆವು.

ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವಣ್ಣನವರ ಪ್ರತಿಮೆಯ ಬಳಿ ಹೋದೆವು. ಅದು ಅನಾವರಣಗೊಂಡದ್ದು 2015ರ ನವೆಂಬರ್ 14ರಂದು. ನಮಸ್ಕರಿಸಿ ತಿರುಗಿದಾಗ ನದಿಯಾಚೆ ಬಿಗ್ ಬೆನ್ ಗೋಪುರದಲ್ಲಿ, ಗಡಿಯಾರಕ್ಕಿಂತಲೂ ಮೇಲೆ, ಒಂದು ದೀಪ ಕಾಣುತ್ತಿತ್ತು. ಯಾವುದಾದರೊಂದು ಸದನ ಕುಳಿತಿರುವಷ್ಟು ಹೊತ್ತು ಆ ದೀಪ ಉರಿಯುತ್ತದೆಂದು ಮಗಳು ಹೇಳಿದಳು. ಆ ಸದಸ್ಯರ ಮಾತು ಇನ್ನೂ ಮುಗಿದಿರಲಿಲ್ಲ.