ಒದ್ದೆ ಕೈಯಲ್ಲೂ ಹತ್ತುವ ಬೆಂಕಿ

ನಮ್ಮ ತೋಟ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ. ಜುಲೈನಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ, ಡಬ್ಬಿಯ ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಮೆತ್ತಗಾಗುತ್ತದೆ. ಮೂರು ವರ್ಷದ ಹಿಂದೆ ಇಂಥದೇ ಒಂದು ದಿನ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಔಷಧಿ ಹೊಡೆಸುತ್ತಿದ್ದೆ. ಬೆಳಿಗ್ಗೆ ಹೊಳವಾಗಿತ್ತು. ಹನ್ನೊಂದರ ಹೊತ್ತಿಗೆ ಮತ್ತೆ ಸುರಿಯತೊಡಗಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಕೆಳಗಿಳಿದು ಗಡಗಡ ನಡುಗುತ್ತಿದ್ದರು. ಶೆಡ್ಡಿನಲ್ಲಿ ಒಣ ಸೌದೆ ಇತ್ತು, ಚಹಾಪುಡಿ ಇತ್ತು, ಬೆಲ್ಲ ಇತ್ತು. ಬೆಂಕಿ ಮಾತ್ರ ಇಲ್ಲ. ಹತ್ತು ಹದಿನೈದು ಕಡ್ಡಿ ಗೀರಿದೆ. ಪೊಟ್ಟಣದ ಪಕ್ಕದ ಮದ್ದು ಕಿತ್ತು ಬಂತೇ ಹೊರತು ಒಂದೂ ಹತ್ತಲಿಲ್ಲ. ಲೈಟರಿನ ಚಕ್ರ ಒದ್ದೆ ಹೆಬ್ಬೆರಳಿಗೆ ಸುಮ್ನೆ ಜಾರುತ್ತಿತ್ತು. ಮನೆಗೆ ಹೋಗಿ ಫ್ಲಾಸ್ಕಿನಲ್ಲಿ ಕಾಫಿ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಅಷ್ಟು ಹೊತ್ತು ಅವರು ಒದ್ದೆ ಕಂಬಳಿ ಹೊದ್ದು ಕೂತಿದ್ದರು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಅವತ್ತಿನಿಂದ ಬೆಂಕಿ ಹಚ್ಚುವ ಸಾಮಾನು ಬೈಕಿನ ಕೀ ಜೊತೆಗೇ ಇರಬೇಕು ಅಂತ ತೀರ್ಮಾನ ಮಾಡಿದೆ. ಒದ್ದೆಯಾದರೂ ಕೆಲಸ ಮಾಡಬೇಕು, ಆರು ತಿಂಗಳು ಮುಟ್ಟದೆ ಇಟ್ಟರೂ ಕೈಕೊಡಬಾರದು. ಇಷ್ಟೇ ನನ್ನ ಷರತ್ತು.

ಮೊದಲು ಕೊಂಡದ್ದು ಪೆಟ್ರೋಲ್ ಹಾಕುವ ಲೈಟರ್. ಚೆನ್ನಾಗಿ ಹತ್ತುತ್ತದೆ, ಗಾಳಿಗೂ ಬೇಗ ಆರುವುದಿಲ್ಲ. ಆದರೆ ಉಪಯೋಗಿಸದೆ ಇಟ್ಟರೂ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಎರಡು ವಾರ ಬಿಟ್ಟು ನೋಡಿದರೆ ಒಣಗಿ ಕೂತಿರುತ್ತದೆ. ಆಮೇಲೆ ಚಾರ್ಜ್ ಮಾಡುವ ಲೈಟರ್ ತರಿಸಿದೆ. ಅದರ ನೀಲಿ ಕಿಡಿಗೆ ಗಾಳಿಯ ಭಯವಿಲ್ಲ. ಆದರೆ ಆ ಸಣ್ಣ ಸಂದಿಗೆ ಹತ್ತಿಬತ್ತಿ ಹಿಡಿಸಬಹುದು, ಕಡ್ಡಿ ಚಕ್ಕೆ ಹಿಡಿಸಲು ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟ್ ಇಲ್ಲದಿರುವುದೂ ಉಂಟು. ಅದನ್ನು ದೇವರ ಕೋಣೆಗೆ ಕೊಟ್ಟೆ.

ಕೊನೆಗೆ ಉಳಿದದ್ದು ಫೆರೋ ರಾಡ್. ಲೈಟರಿನೊಳಗೆ ಕಲ್ಲು ಅಂತೀವಲ್ಲ, ಅದೇ ಲೋಹ, ಉದ್ದ ಕಡ್ಡಿಯ ರೂಪದಲ್ಲಿ. ಸೀರಿಯಂ ಮತ್ತು ಕಬ್ಬಿಣ ಸೇರಿಸಿ ಇದನ್ನು ಮಾಡಿ 1903ರಲ್ಲಿ ಪೇಟೆಂಟ್ ಪಡೆದವರು ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್. ಚೂಪು ಅಂಚಿನಿಂದ ಕೆರೆದರೆ ಉದುರುವ ಪುಡಿ ಗಾಳಿ ತಾಗಿದ ಕೂಡಲೇ ತಾನೇ ಉರಿಯುತ್ತದೆ. ನೀರಲ್ಲಿ ಅದ್ದಿ ತೆಗೆದು ಒರೆಸಿದರೆ ಮತ್ತೆ ಕಿಡಿ ಬರುತ್ತದೆ. ನನಗೆ ಬೇಕಿದ್ದದ್ದು ಇದೇ.

ಗಾತ್ರ ಆರಿಸುವಾಗ ಒಂದು ತಪ್ಪು ಮಾಡಿದೆ. ಮೊದಲು ತಂದದ್ದು ಬಹಳ ತೆಳು, ಕೀ ಗೊಂಚಲಿನಲ್ಲಿ ಚೆಂದ ಕಾಣುತ್ತಿತ್ತು. ಒಮ್ಮೆ ಜೋರಾಗಿ ಕೆರೆದಾಗ ಲಟಕ್ ಅಂತ ಮುರಿಯಿತು. ಈಗಿರುವುದು 8 ಮಿಲಿಮೀಟರ್ ದಪ್ಪ, ನನ್ನ ತೋರುಬೆರಳಿಗಿಂತ ಗಿಡ್ಡ. ಜೇಬಿಗೆ ಭಾರವಿಲ್ಲ, ಒದ್ದೆ ಕೈಗೂ ಹಿಡಿತ ಸಿಗುತ್ತದೆ. ಜೊತೆಗೆ ಬಂದಿದ್ದ ತಗಡಿನ ತುಂಡು ಪ್ರಯೋಜನವಿರಲಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡಿನ ಬೆನ್ನಿನ ಕಡೆ ಉಜ್ಜಿ ಅಂಚು ಚೂಪು ಮಾಡಿಕೊಂಡೆ. ಹೊಸ ರಾಡಿನ ಮೇಲೆ ಕಪ್ಪು ಬಣ್ಣ ಇರುತ್ತದೆ. ಅದನ್ನು ಕೆರೆದು ತೆಗೆಯುವವರೆಗೆ ಕಿಡಿ ಬರುವುದಿಲ್ಲ. ಇದು ತಿಳಿಯದೆ ಎಷ್ಟೋ ಜನ ಮೋಸ ಹೋದೆವು ಅಂದುಕೊಳ್ಳುತ್ತಾರೆ.

ಆದರೆ ಕಿಡಿ ಇದ್ದರೆ ಅರ್ಧ ಕೆಲಸ. ಕಿಡಿ ಹಿಡಿಯುವ ವಸ್ತುವಿಲ್ಲದಿದ್ದರೆ ರಾಡ್ ಬರೀ ಆಟಿಕೆ. ನಮ್ಮಜ್ಜ ಚಕಮಕಿ ಕಲ್ಲಿನ ಜೊತೆ ಬೈನೆ ಮರದ ಅರಳೆ ಇಟ್ಟುಕೊಳ್ಳುತ್ತಿದ್ದರಂತೆ. ಆ ಮರದ ಎಲೆಯ ಬುಡದಲ್ಲಿ ಕಂದು ಬಣ್ಣದ ನಯವಾದ ನಾರು ಸಿಗುತ್ತದೆ, ಸಣ್ಣ ಕಿಡಿಗೂ ಕೆಂಡವಾಗುತ್ತದೆ. ಅಪ್ಪಯ್ಯ ಅದನ್ನು ನೋಡಿ ಬೆಳೆದವರು. ನಾನು ಹಳೆ ಮಾತ್ರೆ ಡಬ್ಬಿಯಲ್ಲಿ ವ್ಯಾಸಲೀನ್ ಸವರಿದ ಹತ್ತಿ ತುಂಬಿಡುತ್ತೇನೆ. ಹಚ್ಚುವಾಗ ಹತ್ತಿಯನ್ನು ಚೆನ್ನಾಗಿ ಬಿಡಿಸಬೇಕು, ಒಣ ಎಳೆ ಹೊರಗೆ ಕಾಣಬೇಕು. ಉಂಡೆಯಂತೆ ಇಟ್ಟರೆ ಹತ್ತುವುದಿಲ್ಲ. ಮೇಲೆ ಒಂದು ಬಿಲ್ಲೆ ಕರ್ಪೂರ ಇಟ್ಟರೆ ಉರಿ ನಿಲ್ಲುತ್ತದೆ. ಕರ್ಪೂರ ಗಾಳಿಗೆ ಕರಗಿ ಮಾಯವಾಗುವುದರಿಂದ ಅದಕ್ಕೂ ಬಿಗಿ ಮುಚ್ಚಳದ ಡಬ್ಬಿಯೇ ಬೇಕು. ತೀರಾ ಒದ್ದೆ ಸೌದೆಯಾದರೆ ಸೈಕಲ್ ಟ್ಯೂಬಿನ ಎರಡು ಬೆರಳಗಲದ ತುಂಡು. ವಾಸನೆ ಕೆಟ್ಟದು, ಆದರೆ ಮಳೆಗೂ ಜಗ್ಗುವುದಿಲ್ಲ. ಬಚ್ಚಲೊಲೆಗೆ ಅಮ್ಮ ಮೊದಲಿಂದಲೂ ಮಾಡುತ್ತಿದ್ದದ್ದೇ ಅದು.

ಕೆರೆಯುವ ರೀತಿಯಲ್ಲೂ ಒಂದು ಗುಟ್ಟಿದೆ. ಬ್ಲೇಡನ್ನು ಮುಂದೆ ತಳ್ಳಿದರೆ ಕೈ ತಾಗಿ ಹತ್ತಿ ಚೆಲ್ಲಾಪಿಲ್ಲಿಯಾಗುತ್ತದೆ. ಬ್ಲೇಡನ್ನು ಹತ್ತಿಯ ಹತ್ತಿರ ಅಲುಗದಂತೆ ಹಿಡಿದು, ರಾಡನ್ನು ಹಿಂದಕ್ಕೆ ಎಳೆಯಬೇಕು. ನನಗೆ ಇದು ಕೈಗೆ ಹತ್ತಲು ಒಂದು ವಾರ ಹಿಡಿಯಿತು. ದಿನಾ ಸಂಜೆ ಹಂಡೆ ಒಲೆಗೆ ಇದರಿಂದಲೇ ಹಚ್ಚಿದೆ.

ನಮ್ಮ ಮಳೆಯ ತೇವಕ್ಕೆ ರಾಡಿನ ಮೇಲೂ ಬಿಳಿ ಪುಡಿ ಬರುತ್ತದೆ, ಹಾಗೇ ಬಿಟ್ಟರೆ ಸವೆಯುತ್ತದೆ. ಮಗಳ ನೈಲ್ ಪಾಲಿಶ್ ಒಂದು ಕೋಟ್ ಬಳಿದಿಡುತ್ತೇನೆ. ಬೇಕಾದಾಗ ಕೆರೆದರೆ ಹೋಗುತ್ತದೆ. ಮಕ್ಕಳ ಕೈಗೆ ಸಿಗದಂತೆ ಕೀ ಜೊತೆಗೇ ಎತ್ತರದ ಮೊಳೆಗೆ ನೇತು ಹಾಕುತ್ತೇನೆ.

ಚಾರಣಕ್ಕೆ ಹೋಗುವ ಗೆಳೆಯರು ಇದನ್ನು ನೋಡಿ ತಾವೂ ತರಿಸುತ್ತೇವೆ ಅನ್ನುತ್ತಾರೆ. ತರಿಸಿ. ಆದರೆ ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು ಕಾನೂನಿನಲ್ಲಿ ಅಪರಾಧ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಗುಡ್ಡದ ಬಾಣೆ ಹುಲ್ಲು ಹೇಗೆ ಹೊತ್ತಿ ಉರಿಯುತ್ತದೆ ಅಂತ ನಾವು ಇಲ್ಲಿಂದಲೇ ನೋಡಿದ್ದೇವೆ. ಕಾಡಿಗೆ ಫ್ಲಾಸ್ಕ್ ಒಯ್ದರೆ ಸಾಕಲ್ವಾ?

ಹತ್ತು ರೂಪಾಯಿಯ ಗ್ಯಾಸ್ ಲೈಟರ್ ಈಗಲೂ ನನ್ನ ಜೇಬಲ್ಲಿದೆ. ಒಣ ದಿನಕ್ಕೆ ಅದಕ್ಕಿಂತ ಸುಲಭ ಬೇರೆ ಇಲ್ಲ. ಮೊನ್ನೆ ಎರಡನೇ ಸಲ ಔಷಧಿ ಹೊಡೆಸಿದ ದಿನ ಮಾತ್ರ ಅದು ಮತ್ತೆ ಜಾರಿತು. ರಾಡ್ ತೆಗೆದು ಮೂರು ಸಲ ಎಳೆದೆ. ಕೊನೆಗಾರರು ಮರ ಇಳಿದು ಬರುವಷ್ಟರಲ್ಲಿ ಚಹಾ ಕುದಿಯುತ್ತಿತ್ತು.