‘ಪೀಚ್ ಫಜ್’ಗೆ ಕನ್ನಡದಲ್ಲಿ ಏನಂತಾರೆ ಎಂದು ಕೇಳುವವರಿಗೆ

‘ಹುಡುಗರ ತುಟಿ ಮೇಲೆ ಮೊದಲು ಬರುವ ಕೂದಲಿಗೆ ಇಂಗ್ಲಿಷಿನಲ್ಲಿ ಪೀಚ್ ಫಜ್ ಅಂತಾರೆ. ಕನ್ನಡದಲ್ಲಿ ಅದಕ್ಕೆ ಪದವೇ ಇಲ್ಲವಲ್ಲ, ಏನು ಬರೆಯಲಿ?’ ಅನುವಾದಕ್ಕೆ ಕೂತವರು, ಸಬ್‌ಟೈಟಲ್ ಬರೆಯುವವರು ಬಿಡದೆ ಕೇಳುವ ಪ್ರಶ್ನೆ ಇದು. ಉತ್ತರ ಚಿಗುರುಮೀಸೆ. ಮುಗಿಯಿತು.

ಸಿಟ್ಟು ಬರುವುದು ಆ ‘ಇಲ್ಲವಲ್ಲ’ದ ಮೇಲೆ. ಹುಡುಕುವ ಮೊದಲೇ ಇಲ್ಲ ಎಂದು ತೀರ್ಮಾನಿಸಿ ಬಂದವರು ‘ಪೀಚ್ ತುಪ್ಪಳ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪೀಚ್ ಹಣ್ಣಿನ ಸಿಪ್ಪೆಯ ಮೇಲಿನ ತೆಳುರೋಮವನ್ನು ಸವರಿ ನೋಡದವರಿಗೆ ಅದರಿಂದ ಏನೂ ಕಾಣುವುದಿಲ್ಲ. ತುಪ್ಪಳ ಎಂದೊಡನೆ ಕಣ್ಣಿಗೆ ಬರುವುದು ಕುರಿ, ಮೊಲ.

ಕನ್ನಡದಲ್ಲಿ ಈ ಮಾತಿನ ಜೀವ ಇರುವುದು ಕ್ರಿಯಾಪದದಲ್ಲಿ. ‘ಮಗನಿಗೆ ಮೀಸೆ ಚಿಗುರ್ತಾ ಇದೆ’ ಅನ್ನುತ್ತೇವೆ. ‘ಇನ್ನೂ ಮೀಸೆ ಮೂಡಿಲ್ಲ, ಆಗಲೇ ಎದುರುತ್ತರ ಕೊಡ್ತಾನೆ’ ಎಂದು ಬೈಯುತ್ತೇವೆ. ಇಂಗ್ಲಿಷ್ ವಾಕ್ಯದಲ್ಲಿ ನಾಮಪದ ಕಂಡಿತೆಂದು ಇಲ್ಲೂ ನಾಮಪದಕ್ಕೇ ಜೋತುಬೀಳಬೇಡಿ. ‘ಅವನ ತುಟಿಯ ಮೇಲೆ ಚಿಗುರುಮೀಸೆ ಇತ್ತು’ ಎನ್ನುವುದು ತಪ್ಪಲ್ಲ, ಆದರೆ ‘ಅವನಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು’ ಎಂದಾಗ ಹುಡುಗ ಎದುರಿಗೆ ಬಂದು ನಿಲ್ಲುತ್ತಾನೆ.

ಯಾವ ಹಂತಕ್ಕೆ ಯಾವ ಪದ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನು. ಹುಡುಗನ ಮುಖದಲ್ಲಿ ಕೂದಲು ಬರುವುದಕ್ಕೆ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೊದಲು ಮೇಲ್ದುಟಿಯ ಎರಡು ಮೂಲೆ ಕಪ್ಪಾಗುತ್ತವೆ, ಆಮೇಲೆ ಎರಡೂ ಕಡೆಯಿಂದ ಬಂದು ನಡುವೆ ಕೂಡುತ್ತವೆ. ಅದಾದ ಮೇಲೆ ಕೆನ್ನೆಯ ಮೇಲ್ಭಾಗ ಮತ್ತು ಕೆಳದುಟಿಯ ಕೆಳಗೆ, ಕೊನೆಗೆ ಗದ್ದ. ಮೂಲೆಗಳಷ್ಟೇ ಕಪ್ಪಾಗಿದ್ದರೆ ‘ಮೀಸೆ ಮೂಡುತ್ತಿದೆ’, ತುಟಿಯುದ್ದಕ್ಕೂ ಬಂದಿದ್ದರೆ ‘ಚಿಗುರುಮೀಸೆ’. ಕೆನ್ನೆಯ ಮೇಲಿನ ಬಣ್ಣವಿಲ್ಲದ ಎಳೆಗೂದಲಿಗೆ ‘ನವಿರು’ ಎಂಬ ಚಂದದ ಪದವಿದೆ. ‘ನವಿರಾದ ಹಾಸ್ಯ’ ಎನ್ನುವಾಗ ಬಳಸುತ್ತೇವಲ್ಲ, ಅದೇ. ನವಿರು ಎಂದರೆ ಕೂದಲು, ರೋಮ. ಮೈ ನವಿರೇಳುವುದೂ ಅದೇ ನವಿರು.

ಹೆಚ್ಚು ಜನ ಎಡವುವುದು ‘ಕುರುಚಲು ಗಡ್ಡ’ದಲ್ಲಿ. ಹದಿನಾಲ್ಕರ ಹುಡುಗನಿಗೆ ಅದನ್ನು ಅಂಟಿಸಬೇಡಿ. ಕತ್ತಿ ಕಾಣದ ಕೂದಲಿನ ತುದಿ ಸಪೂರವಾಗುತ್ತ ಹೋಗಿರುತ್ತದೆ, ಅದಕ್ಕೇ ಕೈಗೆ ಮೆತ್ತಗೆ. ಬ್ಲೇಡು ಬಿದ್ದರೆ ತುದಿ ಮೊಂಡಾಗುತ್ತದೆ, ಮತ್ತೆ ಬೆಳೆದಾಗ ಚುಚ್ಚುತ್ತದೆ. ಆ ಚುಚ್ಚುವುದು ಕುರುಚಲು. ಬೋಳಿಸಿದರೆ ದಪ್ಪಗೆ ಬರುತ್ತದೆ ಎಂಬ ನಂಬಿಕೆ ಹುಟ್ಟಿದ್ದೂ ಈ ಮೊಂಡುತುದಿಯಿಂದಲೇ. ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲ ಎಂದು ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ತೋರಿಸಿಕೊಟ್ಟಿದ್ದರು. ಮೀಸೆ ದಟ್ಟವಾಗಿಸುವುದು ಪ್ರಾಯದ ಹಾರ್ಮೋನು, ರೇಜರ್ ಅಲ್ಲ.

‘ಕುಡಿಮೀಸೆ’ಯಲ್ಲೂ ಎಚ್ಚರ ಬೇಕು. ಕುಡಿ ಎಂದರೆ ಎಳೆಚಿಗುರು ಹೌದು, ತುದಿಯೂ ಹೌದು. ‘ಕುಡಿಮೀಸೆ ತಿರುವಿದ’ ಎಂದರೆ ಅಲ್ಲಿರುವುದು ಬೆಳೆದ ಮೀಸೆಯ ಚೂಪಾದ ತುದಿ, ಅಂದರೆ ಬೆಳೆದ ಗಂಡಸು. ಹುರಿಮೀಸೆ, ಗಿರಿಜಾ ಮೀಸೆ ಇನ್ನೂ ದೂರದ ಮಾತು.

‘ಜಿರಳೆ ಮೀಸೆ’, ‘ಹೋತನ ಗಡ್ಡ’ ಇವೆಲ್ಲ ಕಿಚಾಯಿಸುವ ಮಾತು. ಗೆಳೆಯರ ಬಾಯಲ್ಲೋ ಸೋದರಮಾವನ ಬಾಯಲ್ಲೋ ಇಡಿ. ನಿರೂಪಣೆಯಲ್ಲಿ ಇಟ್ಟರೆ, ಕನ್ನಡಿ ಮುಂದೆ ಮೊದಲೇ ನಾಚಿ ನಿಂತ ಹುಡುಗನನ್ನು ನೀವೇ ಆಡಿಕೊಂಡಂತಾಗುತ್ತದೆ.

ಅಕ್ಕಪಕ್ಕದ ಭಾಷೆಗಳಿಂದ ತರುವಾಗಲೂ ಪದಕ್ಕೆ ಪದ ಇಡಬೇಡಿ. ತಮಿಳರದು ‘ಅರುಂಬು ಮೀಸೈ’, ಅಂದರೆ ಮೊಗ್ಗು ಮೀಸೆ. ಮಲಯಾಳಿಗಳದು ‘ಪೊಡಿಮೀಶ’, ಪುಡಿ ಮೀಸೆ. ತೆಲುಗಿನ ‘ನೂನೂಗು ಮೀಸಾಲು’ ಪೀಚ್ ಹಣ್ಣಿಗೆ ತೀರಾ ಹತ್ತಿರ, ಏಕೆಂದರೆ ಕಾಯಿ, ಎಲೆಗಳ ಮೇಲಿನ ತೆಳುರೋಮವೂ ಅವರಿಗೆ ನೂಗು. ಹಿಂದಿಯವರು ‘ಮಸೇಂ ಭೀಗ್‌ನಾ’ ಅನ್ನುತ್ತಾರೆ, ಭೀಗ್‌ನಾ ಎಂದರೆ ನೆನೆಯುವುದು. ಅದನ್ನು ‘ಮೀಸೆ ಒದ್ದೆಯಾಯಿತು’ ಎಂದು ಬರೆದರೆ ಹುಡುಗ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಳ್ಳಲಿಲ್ಲ ಎಂದೇ ಅರ್ಥವಾಗುತ್ತದೆ. ಅಲ್ಲೂ ‘ಮೀಸೆ ಚಿಗುರಿತು’ ಎಂದೇ ಬರೆಯಿರಿ.